ನಾನು ಉದ್ಯಮಿಯಾದದ್ದು ಹೇಗೆ, ಯಾಕೆ

ಸ್ವಂತ ಉದ್ಯಮ ಶುರು ಮಾಡಬೇಕು ಅಂತ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು, "ಒಳ್ಳೆ ಐಡಿಯಾ ಏನಾದರೂ ಇದ್ದರೆ ಹೇಳಿ" ಎಂದು. ಎರಡನೆಯ ಪ್ರಶ್ನೆ ಬಂಡವಾಳದ್ದು. ಖರ್ಚು ಎಷ್ಟೆಂದು ಖಚಿತವಾಗಿ ಗೊತ್ತಿದ್ದು, ಆದಾಯ ಎಷ್ಟೆಂದು ಗೊತ್ತಿಲ್ಲದೆ ಎಷ್ಟು ಕಾಲ ನಡೆಸಬೇಕಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ನನ್ನ ಅನುಭವದಲ್ಲಿ ಉದ್ಯಮ ಎಂದರೆ ಮುಖ್ಯವಾಗಿ ಅದೇ.

ನಾನು ಲ್ಯಾಬ್ ಉಪಕರಣಗಳನ್ನು ರಿಪೇರಿ ಮಾಡುವ, ಅವುಗಳ ಅಳತೆ ಸರಿಯಿದೆಯೇ ಎಂದು ನೋಡಿ ಸರ್ಟಿಫಿಕೇಟ್ ಕೊಡುವ ಸಣ್ಣ ಸಂಸ್ಥೆ ನಡೆಸುತ್ತಿದ್ದೇನೆ. ಮೈಕ್ರೋಸ್ಕೋಪ್, ಸೆಂಟ್ರಿಫ್ಯೂಜ್ (ದ್ರವವನ್ನು ವೇಗವಾಗಿ ತಿರುಗಿಸಿ ಅದರಲ್ಲಿರುವುದನ್ನು ಬೇರ್ಪಡಿಸುವ ಯಂತ್ರ), ತೂಕದ ಯಂತ್ರ, ಪಿಪೆಟ್, ಇಂಥವು. ಇದರಲ್ಲಿ ನಾನು ಕಂಡುಹಿಡಿದದ್ದು ಏನೂ ಇಲ್ಲ. ಯಂತ್ರ ಬೇರೆಯವರದು, ಪರೀಕ್ಷೆ ಮಾಡುವ ವಿಧಾನವೂ ಬೇರೆಯವರದು. ಹೊಸದಾಗಿ ಕಂಡುಹಿಡಿಯದವರನ್ನು ಉದ್ಯಮಿ ಎನ್ನಬಹುದೇ ಎಂದು ಕೇಳುವವರಿದ್ದಾರೆ. ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ ನೂರು ವರ್ಷಕ್ಕೂ ಹಿಂದೆಯೇ ಇದನ್ನು ಬಿಡಿಸಿ ಹೇಳಿದ್ದಾರೆ. ಕಂಡುಹಿಡಿಯುವುದು ಬೇರೆ, ಅದನ್ನು ಜನರ ಬಳಕೆಗೆ ತರುವುದು ಬೇರೆ. ಹೊಸ ವಸ್ತು, ಹೊಸ ಉತ್ಪಾದನಾ ವಿಧಾನ, ಹೊಸ ಮಾರುಕಟ್ಟೆ, ಕಚ್ಚಾ ಮಾಲಿಗೆ ಹೊಸ ಮೂಲ, ಕೆಲಸವನ್ನು ಹೊಂದಿಸುವ ಹೊಸ ರೀತಿ, ಇದರಲ್ಲಿ ಯಾವುದಾದರೂ ಒಂದನ್ನು ಆಗುಮಾಡಿದರೂ ಅವರ ಪ್ರಕಾರ ಅದು ಉದ್ಯಮಿಯ ಕೆಲಸ. ನನ್ನದು ಕೊನೆಯದಕ್ಕೆ ಸೇರುತ್ತದೆ.

ಮುಂಚೆ ನಾನು ಇಂಥ ಉಪಕರಣ ಮಾರುವ ಕಂಪನಿಯೊಂದರಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಕೆಲಸ ಚೆನ್ನಾಗಿತ್ತು. ಸಂಬಳವೂ ಸರಿಯಾಗಿ ಬರುತ್ತಿತ್ತು. ಆದರೆ ಒಂದು ಮಾಡೆಲ್ ಹಳೆಯದಾಯಿತು ಎಂದರೆ ಕಂಪನಿ ಅದರ ಬಿಡಿಭಾಗ ಇಡುವುದನ್ನು ನಿಲ್ಲಿಸುತ್ತಿತ್ತು. "ಇದಕ್ಕೆ ಇನ್ನು ಸರ್ವಿಸ್ ಇಲ್ಲ, ಹೊಸದು ತಗೊಳ್ಳಿ" ಎಂದು ಗ್ರಾಹಕರಿಗೆ ಹೇಳುವುದು ನನ್ನ ಪಾಲಿಗೆ ಬರುತ್ತಿತ್ತು. ಕಂಪನಿಯ ಲೆಕ್ಕಕ್ಕೂ ಅರ್ಥವಿತ್ತು. ಯಾವಾಗಲೋ ಬೇಕಾಗುವ ಬಿಡಿಭಾಗವನ್ನು ಗೋದಾಮಿನಲ್ಲಿ ಇಟ್ಟುಕೊಳ್ಳುವುದಕ್ಕೂ ದುಡ್ಡು ಬೇಕಲ್ವಾ?

ಆದರೆ ಆ ಯಂತ್ರಗಳಲ್ಲಿ ಬಹಳಷ್ಟು ಇನ್ನೂ ಕೆಲಸಕ್ಕೆ ಬರುವಂಥವು. ಹಳೆಯ ಸೆಂಟ್ರಿಫ್ಯೂಜ್ ನಿಂತುಹೋಗಿದ್ದರೆ ಎಷ್ಟೋ ಸಲ ಅದಕ್ಕೆ ಕಾರಣ ಮೋಟರಿನ ಕಾರ್ಬನ್ ಬ್ರಷ್ ಸವೆದಿರುವುದು. ಬ್ರಷ್ ಬದಲಿಸಿದರೆ ಮತ್ತೆ ತಿರುಗುತ್ತದೆ. ಮೈಕ್ರೋಸ್ಕೋಪಿನ ಫೋಕಸ್ ಗುಂಡಿ ಬಿಗಿಯಾಗಿದ್ದರೆ ಸಾಮಾನ್ಯವಾಗಿ ಒಳಗಿನ ಗ್ರೀಸ್ ಒಣಗಿ ಗಟ್ಟಿಯಾಗಿರುತ್ತದೆ. ಅದನ್ನು ತೊಳೆದು ಹೊಸ ಗ್ರೀಸ್ ಹಚ್ಚಿದರೆ ಸಾಕು. ಗೊತ್ತಿಲ್ಲದೆ ಜೋರಾಗಿ ತಿರುಗಿಸಿದರೆ ಗೇರಿನ ಹಲ್ಲು ಮುರಿಯುತ್ತದೆ, ಆಗ ನಿಜಕ್ಕೂ ಕಷ್ಟ. ಸಣ್ಣ ಲ್ಯಾಬುಗಳು, ಶಾಲೆ ಕಾಲೇಜುಗಳು ಇಂಥ ಯಂತ್ರಗಳನ್ನು ಮೂಲೆಗೆ ತಳ್ಳಿ, ಹೊಸದು ಕೊಳ್ಳಲು ದುಡ್ಡಿಲ್ಲದೆ ಸುಮ್ನೆ ಇದ್ದುಬಿಡುತ್ತಿದ್ದವು. ಅದನ್ನು ನೋಡಿ ನನಗೆ ತುಂಬಾ ಸಂಕಟವಾಗುತ್ತಿತ್ತು.

ಎಲ್ಲರ ಕಣ್ಣೆದುರೇ ಇದ್ದರೂ ಯಾರೂ ಗಮನಿಸದ ಅವಕಾಶವನ್ನು ಗಮನಿಸುವ ಎಚ್ಚರವೇ ಉದ್ಯಮಿಯ ಮುಖ್ಯ ಗುಣ ಎಂದು ಅರ್ಥಶಾಸ್ತ್ರಜ್ಞ ಇಸ್ರೇಲ್ ಕಿರ್ಜ್ನರ್ 1973ರಲ್ಲಿ ವಾದಿಸಿದರು. ಆ ಮಾತು ನನಗೆ ಇಷ್ಟ. ಆದರೆ ಪೂರ್ತಿ ಒಪ್ಪಲಾರೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಎಲ್ಲ ಎಂಜಿನಿಯರುಗಳಿಗೂ ಆ ಯಂತ್ರಗಳು ಕಾಣುತ್ತಿದ್ದವು. ಊಟಕ್ಕೆ ಕೂತಾಗ ಅದೇ ಮಾತು ಬರುತ್ತಿತ್ತು. ಆದರೂ ಕೆಲಸ ಬಿಟ್ಟವನು ನಾನೊಬ್ಬನೇ.

ಯಾಕೆ ಬಿಟ್ಟೆ? ಇದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಡಲು ನನಗೆ ವರ್ಷಗಳೇ ಬೇಕಾದವು. ಸಾಮಾನ್ಯವಾಗಿ ಎರಡು ದಾರಿಯಿಂದ ಜನ ಉದ್ಯಮಕ್ಕೆ ಬರುತ್ತಾರೆ ಎನ್ನುತ್ತಾರೆ. ಬೇರೆ ಕೆಲಸ ಸಿಗದೆ ಬರುವವರು, ಅವಕಾಶ ಕಂಡು ಬರುವವರು. 1999ರಿಂದ ಹಲವು ದೇಶಗಳಲ್ಲಿ ನಡೆಯುತ್ತಿರುವ ಗ್ಲೋಬಲ್ ಆಂಟ್ರಪ್ರೆನ್ಯೂರ್‌ಶಿಪ್ ಮಾನಿಟರ್ ಎಂಬ ಸಮೀಕ್ಷೆ ಈ ವಿಂಗಡಣೆಯನ್ನು ಬಹಳ ಪ್ರಚಾರಕ್ಕೆ ತಂದಿತು. ನನ್ನ ವಿಷಯದಲ್ಲಿ ಎರಡೂ ಬೆರೆತಿದ್ದವು. ಅವಕಾಶ ಕಂಡಿತ್ತು. ಅದೇ ಹೊತ್ತಿಗೆ ಕಂಪನಿಯಲ್ಲಿ ನನ್ನ ಮುಂದಿನ ಬಡ್ತಿ ಎಂದರೆ ಮಾರಾಟದ ಗುರಿ ಹೊತ್ತುಕೊಳ್ಳುವ ಕುರ್ಚಿ. ಉಪಕರಣ ಮುಟ್ಟುವ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ನನಗದು ಬೇಡವಾಗಿತ್ತು.

ದುಡ್ಡಿಗಾಗಿ ಎನ್ನುವುದು ಹೊರಗಿನವರಿಗೆ ತಕ್ಷಣ ಹೊಳೆಯುವ ಕಾರಣ. ಆದರೆ ಸ್ವಂತ ಕೆಲಸ ಮಾಡುವವರ ಗಳಿಕೆಯ ಬಗ್ಗೆ ಅಮೆರಿಕದಲ್ಲಿ ಬಾರ್ಟನ್ ಹ್ಯಾಮಿಲ್ಟನ್ ಎಂಬ ಅರ್ಥಶಾಸ್ತ್ರಜ್ಞ 2000ದಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ಹತ್ತು ವರ್ಷ ಸ್ವಂತ ವ್ಯವಹಾರ ನಡೆಸಿದವರ ಸಾಲಿನ ಮಧ್ಯದಲ್ಲಿ ನಿಲ್ಲುವವರ ಗಳಿಕೆ, ಅಷ್ಟೇ ಕಾಲ ನೌಕರಿಯಲ್ಲಿದ್ದರೆ ಸಿಗಬಹುದಾಗಿದ್ದ ಸಂಬಳಕ್ಕಿಂತ ಶೇ. 35ರಷ್ಟು ಕಡಿಮೆ. ಕೆಲವರು ತುಂಬಾ ಗಳಿಸುತ್ತಾರೆ, ಅವರ ಕಥೆಗಳೇ ನಮ್ಮ ಕಿವಿಗೆ ಬೀಳುತ್ತವೆ. ಹೆಚ್ಚಿನವರು ಕಡಿಮೆ ಗಳಿಸಿದರೂ ಅಲ್ಲೇ ಉಳಿಯುತ್ತಾರೆ. ದುಡ್ಡಲ್ಲದ ಏನೋ ಅವರನ್ನು ಹಿಡಿದಿಟ್ಟಿದೆ ಅಂತ ಅರ್ಥ. ನನ್ನನ್ನು ಹಿಡಿದಿಟ್ಟದ್ದು ನಿರ್ಧಾರ ಮಾಡುವ ಹಕ್ಕು. ಈ ಯಂತ್ರವನ್ನು ಉಳಿಸಬಹುದೇ, ಬೇಡವೇ ಎಂದು ಅದನ್ನು ಬಿಚ್ಚಿ ನೋಡಿದವನೇ ಹೇಳಬೇಕು ಎಂಬುದು ನನ್ನ ಆಸೆಯಾಗಿತ್ತು.

ಇನ್ನೊಂದು ಕಾರಣವನ್ನು ಉದ್ಯಮಿಗಳು ಜಾಸ್ತಿ ಹೇಳಿಕೊಳ್ಳುವುದಿಲ್ಲ. ನನಗೆ ಬೀಳುವ ಜಾಗ ಮೆತ್ತಗಿತ್ತು. ನನ್ನ ಹೆಂಡತಿಗೆ ಸ್ಥಿರವಾದ ಸಂಬಳವಿತ್ತು, ಸಾಲ ಇರಲಿಲ್ಲ. ಬ್ರಿಟನ್ನಿನ ಅಂಕಿಅಂಶ ಇಟ್ಟುಕೊಂಡು ಬ್ಲಾಂಚ್‌ಫ್ಲವರ್ ಮತ್ತು ಆಸ್ವಾಲ್ಡ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1998ರಲ್ಲಿ ತೋರಿಸಿದ್ದು ಇದನ್ನೇ. ಪಿತ್ರಾರ್ಜಿತವೋ ಉಡುಗೊರೆಯೋ ಸಿಕ್ಕವರು ಸ್ವಂತ ಕೆಲಸಕ್ಕೆ ಇಳಿಯುವ ಸಾಧ್ಯತೆ ಹೆಚ್ಚು. ನನ್ನ ಸಹೋದ್ಯೋಗಿಗಳಿಗೆ ಧೈರ್ಯ ಕಡಿಮೆ ಇತ್ತು ಎಂದು ನಾನು ಎಂದೂ ಹೇಳುವುದಿಲ್ಲ. ಅವರ ಮೇಲೆ ಹೊರೆ ಹೆಚ್ಚಿತ್ತು, ಅಷ್ಟೇ.

ಧೈರ್ಯದ ಬಗ್ಗೆಯೇ ಒಂದು ಮಾತು. ಉದ್ಯಮಿಗಳೆಂದರೆ ಜೂಜುಕೋರರು ಎಂಬ ಚಿತ್ರ ಜನರಲ್ಲಿದೆ. ಮನೋವಿಜ್ಞಾನಿ ಡೇವಿಡ್ ಮೆಕ್ಲೆಲೆಂಡ್ ಇದನ್ನು ಅಧ್ಯಯನ ಮಾಡಿದವರು. ಗೂಟಕ್ಕೆ ಬಳೆ ಎಸೆಯುವ ಆಟವನ್ನು ಅವರು ಪರೀಕ್ಷೆಯಾಗಿ ಬಳಸಿದರು. ಎಲ್ಲಿ ನಿಂತು ಎಸೆಯಬೇಕು ಎನ್ನುವುದು ಆಡುವವರ ಇಷ್ಟ. ಸಾಧನೆಯ ಹಂಬಲ ಹೆಚ್ಚಿದ್ದವರು ತೀರಾ ಹತ್ತಿರ ನಿಲ್ಲಲಿಲ್ಲ, ತೀರಾ ದೂರವೂ ನಿಲ್ಲಲಿಲ್ಲ. ಕಷ್ಟವಾದರೂ ಪ್ರಯತ್ನಪಟ್ಟರೆ ಬೀಳುವಷ್ಟು ದೂರದಲ್ಲಿ ನಿಂತರು. ನಾನು ನೋಡಿದ ಒಳ್ಳೆಯ ಉದ್ಯಮಿಗಳೆಲ್ಲ ಹೀಗೇ. ಅವರು ಅಪಾಯವನ್ನು ಹುಡುಕಿಕೊಂಡು ಹೋಗುವುದಿಲ್ಲ, ಅದನ್ನು ಅಳೆದು ನೋಡುತ್ತಾರೆ.

ಈಗ ಹೇಗೆ ಶುರು ಮಾಡಿದೆ ಎಂಬ ವಿಷಯಕ್ಕೆ ಬರುತ್ತೇನೆ. ಲಾಭ ಎಷ್ಟು ಬರಬಹುದು ಎಂದು ನಾನು ಲೆಕ್ಕ ಹಾಕಲಿಲ್ಲ. ಎಷ್ಟು ಕಳೆದುಕೊಂಡರೆ ಮನೆ ಅಲ್ಲಾಡುವುದಿಲ್ಲ ಎಂದು ಹಾಕಿದೆ. ಒಂದು ಮೊತ್ತ, ಒಂದು ಅವಧಿ ಬರೆದಿಟ್ಟೆವು. ಅದು ದಾಟಿದರೆ ಮತ್ತೆ ನೌಕರಿ ಹುಡುಕುವುದು ಎಂದು ನಾನು, ಹೆಂಡತಿ ಕೂತು ಒಪ್ಪಿದೆವು. ಅನುಭವಿ ಉದ್ಯಮಿಗಳು ಹೇಗೆ ಯೋಚಿಸುತ್ತಾರೆ ಎಂದು ಅಧ್ಯಯನ ಮಾಡಿದ ಸರಸ್ ಸರಸ್ವತಿ 2001ರಲ್ಲಿ ಬರೆದದ್ದರಲ್ಲಿ ಇದೇ ರೀತಿಯ ಲೆಕ್ಕ ಇದೆ ಎಂದು ನನಗೆ ಆಮೇಲೆ ತಿಳಿಯಿತು. ತಮ್ಮ ಕೈಯಲ್ಲಿ ಏನಿದೆ, ತಮಗೆ ಯಾರು ಗೊತ್ತು ಎಂಬಲ್ಲಿಂದ ಅವರು ಹೊರಡುತ್ತಾರೆ. ನಷ್ಟಕ್ಕೆ ಮೊದಲೇ ಒಂದು ಗೆರೆ ಎಳೆಯುತ್ತಾರೆ.

ನನ್ನ ಕೈಯಲ್ಲಿ ಇದ್ದದ್ದು ಉಪಕರಣ ಬಿಚ್ಚಿ ಜೋಡಿಸುವ ಕೌಶಲ. ಕಂಪನಿಯವರ ಜೊತೆ ಕೂತು, ಅವರು ಸರ್ವಿಸ್ ನಿಲ್ಲಿಸಿದ ಮಾಡೆಲುಗಳನ್ನು ಮಾತ್ರ ಮುಟ್ಟುತ್ತೇನೆ ಎಂದು ಬರೆದುಕೊಟ್ಟು ಹೊರಬಂದೆ. ಆಮೇಲೆ ಲ್ಯಾಬುಗಳಿಗೆ ಹೋಗಿ, "ನಿಮ್ಮಲ್ಲಿ ಮೂಲೆಗೆ ಬಿದ್ದ ಯಂತ್ರ ಇದೆಯಾ? ಈಗಲೇ ಕೊಡುತ್ತೀರಾ? ಬಿಡಿಭಾಗದ ದುಡ್ಡು ಮುಂಗಡ ಕೊಡುತ್ತೀರಾ?" ಎಂದು ಕೇಳಿದೆ. "ಇಂಥ ಸೇವೆ ಇದ್ದರೆ ಬಳಸುತ್ತೀರಾ" ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ಆ ಹೌದಿಗೆ ಬೆಲೆ ಇಲ್ಲ. ಯಂತ್ರ ಎತ್ತಿ ಕೈಗೆ ಕೊಟ್ಟು, ಮುಂಗಡವನ್ನೂ ಕೊಟ್ಟವರು ಮಾತ್ರ ನಿಜವಾದ ಗ್ರಾಹಕರು.

ರಿಪೇರಿಯಿಂದ ದುಡ್ಡು ಬಿಟ್ಟು ಬಿಟ್ಟು ಬರುತ್ತಿತ್ತು. ಯಂತ್ರ ಯಾವಾಗ ಕೆಡುತ್ತದೆ ಎಂದು ಯಾರಿಗೆ ಗೊತ್ತು? ಹಾಗಾಗಿ ಪಿಪೆಟ್ ಪರೀಕ್ಷೆ ಸೇರಿಸಿಕೊಂಡೆ. ಪಿಪೆಟ್ ಅಂದರೆ ಅತಿ ಸಣ್ಣ ಪ್ರಮಾಣದ ದ್ರವವನ್ನು ಅಳೆದು ಹಾಕುವ ಸಾಧನ. ಅದು ನಿಜಕ್ಕೂ ಅಷ್ಟೇ ಹಾಕುತ್ತಿದೆಯೇ ಎಂದು ತಿಳಿಯಲು ಅದರಿಂದ ಶುದ್ಧ ನೀರು ಬಿಟ್ಟು, ಆ ನೀರನ್ನು ತೂಗಬೇಕು. 1000 ಮೈಕ್ರೋಲೀಟರ್ ನೀರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 998 ಮಿಲಿಗ್ರಾಂ ತೂಗುತ್ತದೆ. ಐಎಸ್ಒ 8655 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಇದರ ಕ್ರಮ ಇದೆ. ಒಂದೊಂದು ಪ್ರಮಾಣಕ್ಕೂ ಹತ್ತು ಸಲ ತೂಗಿ ಸರಾಸರಿ ನೋಡಬೇಕು. ಕೋಣೆಯ ಉಷ್ಣತೆ ಏರಿಳಿಯಬಾರದು. ತೀರಾ ಸಣ್ಣ ಪ್ರಮಾಣ ತೂಗುವಾಗ ನೀರು ಆವಿಯಾಗಿ ಹೋಗುವುದೂ ಲೆಕ್ಕಕ್ಕೆ ಬರುತ್ತದೆ. ನಿಧಾನದ ಕೆಲಸ, ತಾಳ್ಮೆ ಬೇಕು. ಆದರೆ ಲ್ಯಾಬುಗಳು ಇದನ್ನು ನಿಗದಿತ ಅವಧಿಗೊಮ್ಮೆ ಮಾಡಿಸುತ್ತಲೇ ಇರಬೇಕು. ಮುಂದಿನ ತಿಂಗಳು ಯಾರು ಬರುತ್ತಾರೆ ಎಂದು ನನಗೆ ಮೊದಲ ಸಲ ಮುಂಚಿತವಾಗಿ ಗೊತ್ತಾಗತೊಡಗಿದ್ದು ಇದರಿಂದ. ಸಂಸ್ಥೆ ಉಳಿದದ್ದು ಇದರಿಂದಲೇ ಎಂದು ಖಂಡಿತ ಹೇಳಬಲ್ಲೆ.

ಉದ್ಯಮ ಎಂದರೇನು ಎಂದು ಮೈಮೇಲೆ ಬಂದು ತಿಳಿದದ್ದು ಮಾತ್ರ ಮೊದಲ ನೌಕರರನ್ನು ಸೇರಿಸಿಕೊಂಡಾಗ. ಅಲ್ಲಿಯವರೆಗೆ ಆದಾಯ ಕಡಿಮೆಯಾದರೆ ನಾನು ಕಡಿಮೆ ತೆಗೆದುಕೊಳ್ಳುತ್ತಿದ್ದೆ. ಈಗ ತಿಂಗಳ ಕೊನೆಗೆ ಒಂದು ಸಂಬಳ ಕೊಡಲೇಬೇಕು. ದೊಡ್ಡ ಆಸ್ಪತ್ರೆಯೊಂದು ಬಿಲ್ ಪಾವತಿಸಲು ತಿಂಗಳುಗಟ್ಟಲೆ ತೆಗೆದುಕೊಂಡ ಕಾಲವದು. ಪುಸ್ತಕದಲ್ಲಿ ಲಾಭ ಇತ್ತು, ಬ್ಯಾಂಕಿನಲ್ಲಿ ದುಡ್ಡಿರಲಿಲ್ಲ. ಲಾಭ ಮತ್ತು ನಗದು ಬೇರೆ ಬೇರೆ ಎಂಬುದನ್ನು ಹೊಸಬರಿಗೆ ನಾನು ಎಷ್ಟು ಹೇಳಿದರೂ ಸಾಲದು. ಬಿಡಿಭಾಗಕ್ಕೆ ಮುಂಗಡ ಎಂಬ ನಿಯಮವನ್ನು ಆ ಆಸ್ಪತ್ರೆಗೂ ಹಾಕಿದೆ. ಅವರು ಒಪ್ಪಿದರು.

ಐರ್ಲೆಂಡ್ ಮೂಲದ ರಿಚರ್ಡ್ ಕ್ಯಾಂಟಿಲನ್ ಇದನ್ನು 18ನೇ ಶತಮಾನದಲ್ಲೇ ಬರೆದಿಟ್ಟಿದ್ದರು. ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1755ರಲ್ಲಿ ಅದು ಅಚ್ಚಾಯಿತು. ಗೊತ್ತಿರುವ ಬೆಲೆಗೆ ಕೊಂಡು, ಗೊತ್ತಿಲ್ಲದ ಬೆಲೆಗೆ ಮಾರಬೇಕಾದವರು ಉದ್ಯಮಿಗಳು ಎಂಬುದು ಅವರ ಮಾತು. ಹೀಗೆ ನೋಡಿದರೆ ರೈತ, ವ್ಯಾಪಾರಿ, ಕುಶಲಕರ್ಮಿ ಎಲ್ಲರೂ ಉದ್ಯಮಿಗಳೇ. ಆದಾಯ ಅನಿಶ್ಚಿತ ಎಂಬ ಕಾರಣಕ್ಕೆ ಅವರು ಭಿಕ್ಷುಕರನ್ನೂ ಕಳ್ಳರನ್ನೂ ಆ ಪಟ್ಟಿಗೆ ಸೇರಿಸಿದ್ದರು. 1921ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೆಲವು ಅಪಾಯಗಳು ಬರುವ ಸಾಧ್ಯತೆ ಎಷ್ಟು ಎಂದು ಅಳೆಯಬಹುದು, ಅವಕ್ಕೆ ವಿಮೆ ಮಾಡಿಸಬಹುದು. ನನ್ನ ವರ್ಕ್‌ಶಾಪಿಗೆ ಬೆಂಕಿ ಬಿದ್ದರೆ ವಿಮೆ ಇದೆ. ಆದರೆ ಹಳೆಯ ಯಂತ್ರ ಇಟ್ಟುಕೊಳ್ಳುವ ಅಭ್ಯಾಸವನ್ನೇ ಜನ ಬಿಟ್ಟರೆ ಏನು ಮಾಡುವುದು? ಅದಕ್ಕೆ ಯಾವ ವಿಮೆಯೂ ಇಲ್ಲ. ಆ ಅಳೆಯಲಾಗದ ಭಾಗವನ್ನು ತಾನು ಹೊತ್ತು, ಜೊತೆಯವರಿಗೆ ನಿಶ್ಚಿತ ಸಂಬಳದ ಮಾತು ಕೊಡುವುದೇ ಉದ್ಯಮಿಯ ಕೆಲಸ, ಉಳಿದರೆ ಅದೇ ಲಾಭ ಎಂಬುದು ಅವರ ವಿಚಾರ. ಸಂಬಳದ ದಿನ ಹತ್ತಿರ ಬಂದಾಗಲೆಲ್ಲ ಇದು ನನಗೆ ಪೂರ್ತಿ ಅರ್ಥವಾಗುತ್ತದೆ.

ನಿರ್ಧಾರದ ಹಕ್ಕು ಬೇಕು ಎಂದು ಬಂದೆನಲ್ಲ, ಅದು ಸಿಕ್ಕಿತೇ? ಸಿಕ್ಕಿತು. ಒಮ್ಮೆ ಒಂದು ಲ್ಯಾಬಿನಿಂದ ಸೆಂಟ್ರಿಫ್ಯೂಜ್ ಬಂತು. ಬ್ರಷ್ ಬದಲಿಸಿ ಕೊಡಿ ಎಂದರು. ಒಳಗೆ ನಳಿಕೆಗಳನ್ನು ಹಿಡಿದು ತಿರುಗುವ ಭಾಗವಾದ ರೋಟರ್ ನೋಡಿದರೆ ಲೋಹ ತುಕ್ಕು ತಿಂದು ಗುಳಿ ಬಿದ್ದಿತ್ತು. ಅಷ್ಟು ವೇಗದಲ್ಲಿ ತಿರುಗುವ ರೋಟರ್ ಒಡೆದರೆ ಚೂರುಗಳು ಮುಚ್ಚಳವನ್ನೂ ಸೀಳಿ ಬರಬಹುದು, ಪಕ್ಕದಲ್ಲಿ ನಿಂತವರ ಪ್ರಾಣಕ್ಕೇ ಅಪಾಯ. ರೋಟರ್ ಬದಲಿಸದೆ ಕೊಡುವುದಿಲ್ಲ ಎಂದೆ. ಹೊಸ ರೋಟರಿನ ಬೆಲೆ ಕೇಳಿ ಅವರು ಯಂತ್ರವನ್ನು ವಾಪಸ್ ತೆಗೆದುಕೊಂಡು ಹೋದರು. ನಮ್ಮ ಪಟ್ಟಿಯಲ್ಲಿದ್ದ ಒಳ್ಳೆಯ ಗ್ರಾಹಕರು ಅವರು, ಆಮೇಲೆ ಬರಲಿಲ್ಲ. ಆ ತಿಂಗಳು ನಮಗೆ ಆ ದುಡ್ಡು ಬೇಕಾಗಿತ್ತು ಕೂಡ. ಆದರೂ ಬೇಡ ಎಂದು ಹೇಳಲು ನಾನು ಯಾರ ಅನುಮತಿಯನ್ನೂ ಕೇಳಬೇಕಾಗಿರಲಿಲ್ಲ. ಅದರ ನಷ್ಟವನ್ನೂ ನಾನೇ ಹೊತ್ತೆ. ಈ ಎರಡೂ ಒಟ್ಟಿಗೇ ಬರುತ್ತವೆ. ಒಂದು ಬೇಕು, ಇನ್ನೊಂದು ಬೇಡ ಎನ್ನುವವರಿಗೆ ನೌಕರಿಯೇ ಒಳ್ಳೆಯದು, ಅದರಲ್ಲಿ ಕೀಳೇನೂ ಇಲ್ಲ.

ವಯಸ್ಸು ಮೀರಿತು ಎಂದು ಹೆದರುವವರಿಗೆ ಒಂದು ಮಾತು. ಅಮೆರಿಕದಲ್ಲಿ ಅತಿ ವೇಗವಾಗಿ ಬೆಳೆದ ಹೊಸ ಕಂಪನಿಗಳ ಸ್ಥಾಪಕರ ಬಗ್ಗೆ 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ, ಶುರು ಮಾಡುವಾಗ ಅವರ ಸರಾಸರಿ ವಯಸ್ಸು 45. ಒಂದು ಕ್ಷೇತ್ರದಲ್ಲಿ ವರ್ಷಗಟ್ಟಲೆ ದುಡಿದ ತಿಳಿವಳಿಕೆ ಸುಮ್ನೆ ಹೋಗುವುದಿಲ್ಲ. ಹಾಗೆಯೇ ಅಲ್ಲಿನ ಸರ್ಕಾರಿ ಅಂಕಿಅಂಶದಂತೆ ಹೊಸ ವ್ಯವಹಾರಗಳಲ್ಲಿ ಸುಮಾರು ಐದರಲ್ಲೊಂದು ಮೊದಲ ವರ್ಷವೇ ಮುಚ್ಚುತ್ತದೆ, ಐದು ವರ್ಷ ಕಳೆಯುವ ಹೊತ್ತಿಗೆ ಸುಮಾರು ಅರ್ಧ ಉಳಿದಿರುತ್ತವೆ. ನಷ್ಟಕ್ಕೆ ಗೆರೆ ಎಳೆಯಿರಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಈಗ ನಮ್ಮಲ್ಲಿ ಪಿಪೆಟ್ ಪರೀಕ್ಷೆ ನೋಡಿಕೊಳ್ಳುತ್ತಿರುವ ಹುಡುಗಿ ಸ್ವಂತವಾಗಿ ಆ ಕೆಲಸ ಮಾಡಲು ಹೊರಟಿದ್ದಾಳೆ. ಅವಳ ಕಾರಣ ನನ್ನದಲ್ಲ. ಅವಳಿಗೆ ಚಿಕ್ಕ ಮಗುವಿದೆ, ಕೆಲಸದ ವೇಳೆ ತನ್ನ ಕೈಯಲ್ಲಿರಬೇಕು ಎನ್ನುತ್ತಾಳೆ. ಯಾವ ಗ್ರಾಹಕರು ಅವಳ ಕಡೆಗೆ, ಯಾರು ನಮ್ಮ ಕಡೆಗೆ ಎಂದು ಕೂತು ಮಾತಾಡುತ್ತಿದ್ದೇವೆ. ತೂಕದ ಯಂತ್ರವನ್ನು ಅವಳೇ ಕೊಳ್ಳುತ್ತಾಳೆ. ಅದನ್ನು ಪರೀಕ್ಷಿಸುವ ಪ್ರಮಾಣಿತ ತೂಕದ ಬಟ್ಟುಗಳನ್ನು ಮೊದಲ ವರ್ಷ ನಮ್ಮಿಂದ ಬಾಡಿಗೆಗೆ ಪಡೆಯುತ್ತಾಳೆ. ಬಾಡಿಗೆ ಬೇಡ ಎಂದು ನಾನು ಹೇಳಿದೆ. ಅವಳು ಒಪ್ಪಲಿಲ್ಲ, ಖರ್ಚಿನ ಪಟ್ಟಿಯಲ್ಲಿ ಅದನ್ನು ಆಗಲೇ ಬರೆದುಕೊಂಡಿದ್ದಾಳೆ.