ಪ್ಲಾಸ್ಮಾ ಮೆಟಬಾಲೈಟ್ ಪ್ರೊಫೈಲಿಂಗ್: ಸೂಜಿಯಿಂದ ಪೀಕ್‌ವರೆಗೆ ನಾವು ಮಾಡುವ ಕ್ರಮ

ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ದ್ರವವೇ ಪ್ಲಾಸ್ಮಾ; ದೇಹದ ರಾಸಾಯನಿಕ ಕ್ರಿಯೆಗಳ ಸಣ್ಣ ಅಣುಗಳನ್ನು (ಮೆಟಬಾಲೈಟ್) ಅದರಲ್ಲಿ ಒಟ್ಟಾಗಿ ಅಳೆಯುವುದೇ ಈ ಪ್ರೊಫೈಲಿಂಗ್. ರಕ್ತ ಟ್ಯೂಬಿಗೆ ಇಳಿದ ಮೇಲೂ ಕೆಂಪು ಕಣಗಳು ಸುಮ್ಮನಿರುವುದಿಲ್ಲ. ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ, ಲ್ಯಾಕ್ಟೇಟ್ ಬಿಡುತ್ತಲೇ ಇರುತ್ತವೆ. ಮೇಜಿನ ಮೇಲೆ ಹಾಗೇ ಬಿಟ್ಟರೆ ಗಂಟೆಗೆ ಶೇಕಡಾ 5ರಿಂದ 7ರಷ್ಟು ಗ್ಲೂಕೋಸ್ ಇಳಿಯುತ್ತದೆ. ಹೈಪೊಕ್ಸಾಂಥಿನ್ ಏರುತ್ತದೆ. ರೋಗಿಗಳ ರಕ್ತ ಒಂದು ಕಡೆಯಿಂದ ತಡವಾಗಿ, ಆರೋಗ್ಯವಂತರದ್ದು ಇನ್ನೊಂದು ಕಡೆಯಿಂದ ಬೇಗ ಬಂದರೆ ಎರಡು ಗುಂಪುಗಳ ನಡುವೆ ಚೆಂದದ ವ್ಯತ್ಯಾಸ ಕಾಣುತ್ತದೆ. ಅದು ರೋಗದ್ದಲ್ಲ, ಗಡಿಯಾರದ್ದು. ಆದ್ದರಿಂದ ಅಣುಗಳನ್ನು ತೂಕ ನೋಡಿ ಗುರುತಿಸುವ ಯಂತ್ರವಾದ ಮಾಸ್ ಸ್ಪೆಕ್ಟ್ರೋಮೀಟರ್‌ಗಿಂತ ಮೊದಲಿನ ಅರ್ಧ ಗಂಟೆಗೇ ನಾವು ಹೆಚ್ಚು ಗಮನ ಕೊಡುತ್ತೇವೆ.

ರಾತ್ರಿ ಊಟದ ನಂತರ 10–12 ಗಂಟೆ ಖಾಲಿ ಹೊಟ್ಟೆ, ಎಲ್ಲರದ್ದೂ ಬೆಳಗಿನ ಹೊತ್ತಿನ ಸ್ಯಾಂಪಲ್. ಟ್ಯೂಬ್ ಯಾವುದಾದರೂ ಸರಿ ಎನ್ನುವಂತಿಲ್ಲ, ರಕ್ತ ಹೆಪ್ಪುಗಟ್ಟದಂತೆ ಅದರಲ್ಲಿರುವ ರಾಸಾಯನಿಕ ಬೇರೆ ಬೇರೆ. ಸಿಟ್ರೇಟ್ ಟ್ಯೂಬಿನಲ್ಲಿ ತೆಗೆದರೆ ಸಿಟ್ರಿಕ್ ಆಮ್ಲವನ್ನು ಅಳೆಯುವ ಆಸೆ ಬಿಡಬೇಕು. ಇಡಿಟಿಎ ತಾನೇ ದೊಡ್ಡ ಪೀಕ್ (ಯಂತ್ರದ ನಕ್ಷೆಯಲ್ಲಿ ಅಣು ಮೂಡಿಸುವ ಏರು) ಆಗಿ ಬಂದು, ಅದರ ಜೊತೆ ಅಣುಗಳನ್ನು ಬೇರ್ಪಡಿಸುವ ಕೊಳವೆಯಾದ ಕಾಲಮ್‌ನಿಂದ ಹೊರಬರುವವುಗಳ ಸಿಗ್ನಲ್ ಅದುಮುತ್ತದೆ. ನಾವು ಹೆಪಾರಿನ್ ಬಳಸುತ್ತೇವೆ. ಯಾವುದನ್ನೇ ಆರಿಸಿದರೂ ಅಧ್ಯಯನದ ಕೊನೆಯವರೆಗೆ ಅದನ್ನೇ ಬಳಸಬೇಕು. ಟ್ಯೂಬ್ ತಕ್ಷಣ ಐಸ್ ನೀರಿಗೆ, 30 ನಿಮಿಷದೊಳಗೆ ಸೆಂಟ್ರಿಫ್ಯೂಜ್‌ಗೆ: 2,000 ಜಿ (ಗುರುತ್ವದ 2,000 ಪಟ್ಟು), 4 ಡಿಗ್ರಿ, 10 ನಿಮಿಷ. ಬಿಳಿ ಕಣಗಳ ಪದರದ ಮೇಲೆ ಅರ್ಧ ಸೆಂಟಿಮೀಟರ್ ಪ್ಲಾಸ್ಮಾ ಬಿಟ್ಟುಬಿಡಿ. ಪ್ಲೇಟ್‌ಲೆಟ್‌ಗಳು ಎಳೆದುಕೊಂಡು ಬಂದರೆ ಫ್ರೀಜ್ ಮಾಡುವಾಗ ಒಡೆದು ಒಳಗಿನದ್ದನ್ನೆಲ್ಲ ಸುರಿಯುತ್ತವೆ. ಪ್ಲಾಸ್ಮಾ ಹುಲ್ಲಿನ ಹಳದಿ ಬಣ್ಣಕ್ಕಿರಬೇಕು. ನಸುಗೆಂಪು ಕಂಡರೆ ಕೆಂಪು ಕಣ ಒಡೆದಿದೆ ಎಂದರ್ಥ: ಅದರೊಳಗಿನ ಆರ್ಜಿನೇಸ್ ಕಿಣ್ವ ಆರ್ಜಿನೈನನ್ನು ಆರ್ನಿಥಿನ್ ಮಾಡಿಬಿಡುತ್ತದೆ. ಅಂಥದ್ದನ್ನು ಪಕ್ಕಕ್ಕಿಡಿ. 100 ಮೈಕ್ರೋಲೀಟರ್‌ನಂತೆ ಪಾಲು ಮಾಡಿ −80 ಡಿಗ್ರಿಗೆ ಇಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಒಳಗಿಡುವ ಅಭ್ಯಾಸ ಬೇಡ.

ಪ್ರೋಟೀನ್ ತೆಗೆಯುವ ಕೆಲಸ ಸರಳ, ಆದರೆ ಕೈ ತಪ್ಪುವುದೂ ಇಲ್ಲೇ. 50 ಮೈಕ್ರೋಲೀಟರ್ ಪ್ಲಾಸ್ಮಾಗೆ −20 ಡಿಗ್ರಿಯ 200 ಮೈಕ್ರೋಲೀಟರ್ ಮೆಥನಾಲ್. ಹೋಲಿಕೆಗೆಂದು ಗೊತ್ತಿರುವ ಪ್ರಮಾಣದಲ್ಲಿ ಸೇರಿಸುವ, ಐಸೋಟೋಪ್ ಗುರುತಿನ ಇಂಟರ್ನಲ್ ಸ್ಟ್ಯಾಂಡರ್ಡ್‌ಗಳು ಈ ಮೆಥನಾಲ್‌ನಲ್ಲೇ ಇರಬೇಕು, ಕೊನೆಯಲ್ಲಿ ಸೇರಿಸಿದರೆ ನಡುವಿನ ನಷ್ಟ ಗೊತ್ತಾಗುವುದಿಲ್ಲ. ಮೆಥನಾಲ್ ಹಾಕಿದ ಕೂಡಲೇ 30 ಸೆಕೆಂಡ್ ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಕಲಕಿ. ತಡ ಮಾಡಿದರೆ ಮೊಸರಿನ ಗಡ್ಡೆಯಂತೆ ಹೆಪ್ಪುಗಟ್ಟಿ, ಗಡ್ಡೆಯೊಳಗಿನ ಪ್ಲಾಸ್ಮಾ ಹೊರಗೇ ಬರುವುದಿಲ್ಲ. ಒಂದು ಗಂಟೆ −20ರಲ್ಲಿಟ್ಟು, 15,000 ಜಿಯಲ್ಲಿ 15 ನಿಮಿಷ ತಿರುಗಿಸಿ, ಮೇಲಿನ 180 ಮೈಕ್ರೋಲೀಟರ್ ಮಾತ್ರ ತೆಗೆಯುತ್ತೇವೆ. ಇನ್ನಷ್ಟು ಸಿಗುತ್ತದೆಂದು ತಳ ಕೆದಕಿದರೆ ಪ್ರೋಟೀನ್ ಎಳೆಗಳು ಕಾಲಮ್ ಸೇರಿ ಒತ್ತಡ ದಿನೇ ದಿನೇ ಏರುತ್ತದೆ. ಬಿಸಿಯಿಲ್ಲದೆ ನೈಟ್ರೋಜನ್ ಹರಿವಿನಲ್ಲಿ ಒಣಗಿಸಿ, ಹಿಲಿಕ್ (ನೀರಿಗೆ ಒಲಿಯುವ ಅಣುಗಳನ್ನು ಹಿಡಿದಿಡುವ) ಕಾಲಮ್‌ಗಾದರೆ ಶೇಕಡಾ 80 ಅಸಿಟೋನೈಟ್ರೈಲ್‌ನಲ್ಲಿ ಕರಗಿಸುತ್ತೇವೆ. ಬರೀ ನೀರಿನಲ್ಲಿ ಕರಗಿಸಿದರೆ ಅಮೈನೋ ಆಮ್ಲಗಳ ಪೀಕ್ ಹರಡಿ, ಇಬ್ಭಾಗವಾಗಿ ಬರುತ್ತದೆ. ಕಾಲಮ್ ಹಾಳಾಯಿತೆಂದು ಬದಲಿಸುವ ಮುನ್ನ ಇದನ್ನು ನೋಡಿ. ತೂಕದಲ್ಲಿ 44.026ರ ಅಂತರದಲ್ಲಿ ಮೆಟ್ಟಿಲಿನಂತೆ ಪೀಕ್‌ಗಳು ಸಾಲಾಗಿ ನಿಂತರೆ ಅದು ಪಾಲಿಇಥಿಲೀನ್ ಗ್ಲೈಕಾಲ್. ಗಾಜಿನ ಬಾಟಲಿಗಳನ್ನು ಡಿಟರ್ಜೆಂಟ್‌ನಲ್ಲಿ ತೊಳೆದಿದ್ದಾರೆಯೇ ಎಂದು ಮೊದಲು ವಿಚಾರಿಸಿ.

ಪ್ರತಿ ಸ್ಯಾಂಪಲ್‌ನಿಂದ 10 ಮೈಕ್ರೋಲೀಟರ್ ತೆಗೆದು ಒಂದೇ ಕಡೆ ಬೆರೆಸಿದರೆ ಕ್ಯೂಸಿ (ಗುಣಮಟ್ಟ ಪರೀಕ್ಷೆಯ) ಪೂಲ್ ಸಿದ್ಧ. 100 ಸ್ಯಾಂಪಲ್‌ಗೆ ಒಂದು ಮಿಲಿಲೀಟರ್, ಅಂದರೆ 50 ಮೈಕ್ರೋಲೀಟರ್‌ನ 20 ಪಾಲು. ಇವುಗಳನ್ನೂ ಸ್ಯಾಂಪಲ್‌ಗಳ ಜೊತೆಗೇ ಬೇರೆ ಬೇರೆಯಾಗಿ ತಯಾರಿಸಬೇಕು. ಆಗ ಯಂತ್ರದ ಏರಿಳಿತದ ಜೊತೆ ಕೈಯ ಏರಿಳಿತವೂ ಕಾಣುತ್ತದೆ. ಆರಂಭದಲ್ಲಿ ಒಂದೇ ಕ್ಯೂಸಿಯನ್ನು ಎಂಟು ಸಲ ಇಂಜೆಕ್ಟ್ ಮಾಡಿ ಕಾಲಮ್ ಪಳಗಿಸುತ್ತೇವೆ, ಆಮೇಲೆ ಎಂಟು ಸ್ಯಾಂಪಲ್‌ಗೊಂದು ಕ್ಯೂಸಿ. ರೋಗಿ–ಆರೋಗ್ಯವಂತರ ಕ್ರಮ ಕಲಸಿರಲೇಬೇಕು. ಮೊದಲ ದಿನ ಒಂದು ಗುಂಪು, ಎರಡನೇ ದಿನ ಇನ್ನೊಂದು ಎಂದು ಓಡಿಸಿದ ಡೇಟಾವನ್ನು ಯಾವ ತಿದ್ದುಪಡಿಯೂ ಉಳಿಸಲಾರದು. ಕ್ಯೂಸಿಗಳಲ್ಲಿ ಸಿವಿ (ಸರಾಸರಿಗೆ ಹೋಲಿಸಿದ ಏರಿಳಿತ) ಶೇಕಡಾ 30 ದಾಟಿದ ಪೀಕ್‌ಗಳನ್ನು ಕೈಬಿಡುವುದು ರೂಢಿ. ರೋಗಪತ್ತೆಗೆಂದು ಮುಂದೊಯ್ಯುವ ಪೀಕ್‌ಗೆ ನಾನು 20ರ ಮೇಲೆ ಒಪ್ಪುವುದಿಲ್ಲ. ಪ್ಲಾಸ್ಮಾ ಇಲ್ಲದೆ ಓಡಿಸಿದ ಬ್ಲಾಂಕ್‌ಗಿಂತ ಐದು ಪಟ್ಟಾದರೂ ದೊಡ್ಡದಿಲ್ಲದ ಪೀಕ್ ಕೂಡ ಹೊರಗೆ.

ಹೆಸರಿಡುವಾಗ ಅವಸರ ಬೇಡ. ತೂಕ 5 ಪಿಪಿಎಂ (ಹತ್ತು ಲಕ್ಷದಲ್ಲಿ ಐದು ಪಾಲು) ಒಳಗೆ ಹೊಂದಿತು ಎಂದ ಮಾತ್ರಕ್ಕೆ ಗುರುತು ಸಿಕ್ಕಿದಂತಲ್ಲ: ಲ್ಯೂಸಿನ್, ಐಸೋಲ್ಯೂಸಿನ್ ಎರಡೂ 132.1019ರಲ್ಲೇ ಬರುತ್ತವೆ. ಗ್ಲುಟಮಿನ್ ಅಯಾನ್ ಮೂಲದಲ್ಲೇ ಅಮೋನಿಯಾ ಕಳೆದುಕೊಂಡು ಪೈರೋಗ್ಲುಟಮೇಟ್ ವೇಷದಲ್ಲಿ ಬರುತ್ತದೆ. ಎರಡರ ರಿಟೆನ್ಷನ್ ಸಮಯ (ಕಾಲಮ್ ದಾಟಿ ಹೊರಬರಲು ಹಿಡಿಯುವ ಸಮಯ) ಒಂದೇ ಆಗಿದ್ದರೆ ಅನುಮಾನಿಸಿ. ಶುದ್ಧ ಸ್ಟ್ಯಾಂಡರ್ಡನ್ನು ಅದೇ ಕಾಲಮ್‌ನಲ್ಲಿ ಓಡಿಸಿ, ಸಮಯವೂ ತುಣುಕುಗಳೂ ಹೊಂದಿದ ಮೇಲೆಯೇ ಹೆಸರು ಬರೆಯುವುದು.

ಈ ಕಟ್ಟುನಿಟ್ಟು ಏಕೆಂಬುದಕ್ಕೆ 2-ಹೈಡ್ರಾಕ್ಸಿಗ್ಲುಟರೇಟ್ ಒಳ್ಳೆಯ ನಿದರ್ಶನ. ಐಸೋಸಿಟ್ರೇಟ್ ಡಿಹೈಡ್ರೋಜಿನೇಸ್ (ಐಡಿಹೆಚ್) ಎಂಬ ಕಿಣ್ವದ ಜೀನ್‌ ರೂಪಾಂತರವಿರುವ ಕ್ಯಾನ್ಸರ್ ಗಡ್ಡೆಗಳು ಇದನ್ನು ರಾಶಿಗಟ್ಟಲೆ ತಯಾರಿಸುತ್ತವೆಂದು 2009ರಲ್ಲಿ ಮೆಟಬಾಲೈಟ್ ಪ್ರೊಫೈಲಿಂಗ್‌ನಿಂದಲೇ ತಿಳಿಯಿತು. ಆ ಕಿಣ್ವವನ್ನು ತಡೆಯುವ ಎನಾಸಿಡೆನಿಬ್ 2017ರಲ್ಲಿ, ಐವೋಸಿಡೆನಿಬ್ 2018ರಲ್ಲಿ ರಕ್ತದ ಕ್ಯಾನ್ಸರ್‌ಗೆ ಅಮೆರಿಕದಲ್ಲಿ ಅನುಮತಿ ಪಡೆದವು. ಔಷಧ ಗುರಿ ಮುಟ್ಟಿತೇ ಎಂದು ನೋಡಲು ಅಳೆಯುವುದೂ ಇದೇ ಅಣುವನ್ನು. ಋಣ ಅಯಾನ್‌ಗಳನ್ನು ಅಳೆಯುವ ನೆಗೆಟಿವ್ ಮೋಡ್‌ನಲ್ಲಿ 147.0299; ನೀರು ಕಳೆದುಕೊಂಡ 129.0193 ಕೂಡ ಜೊತೆಗಿರುತ್ತದೆ, ಎರಡನ್ನೂ ಎರಡು ಮೆಟಬಾಲೈಟ್ ಎಂದು ಎಣಿಸಬೇಡಿ. ಒಂದಕ್ಕೊಂದು ಕನ್ನಡಿ ಬಿಂಬದಂಥ ಇದರ ಎರಡು ರೂಪಗಳಲ್ಲಿ ರೂಪಾಂತರಗೊಂಡ ಕಿಣ್ವ ಮಾಡುವುದು ಡಿ ರೂಪ, ಆಮ್ಲಜನಕದ ಕೊರತೆಯಲ್ಲಿ ಜೀವಕೋಶಗಳಲ್ಲಿ ಏರುವುದು ಎಲ್ ರೂಪ. ಸಾಮಾನ್ಯ ಕಾಲಮ್‌ನಲ್ಲಿ ಎರಡೂ ಒಂದೇ ಪೀಕ್. ಡಯಾಸಿಟೈಲ್ ಟಾರ್ಟಾರಿಕ್ ಅನ್‌ಹೈಡ್ರೈಡ್ ಜೊತೆ ಪ್ರತಿಕ್ರಿಯೆ ನಡೆಸಿದರೆ ಸಿ18 ಕಾಲಮ್‌ನಲ್ಲೇ ಬೇರೆಯಾಗುತ್ತವೆ. ಆದರೆ ಆ ಪ್ರತಿಕ್ರಿಯೆಗೆ ಸ್ಯಾಂಪಲ್ ಪೂರ್ತಿ ಒಣಗಿರಬೇಕು. ತಳದಲ್ಲಿ ನೀರಿನ ಪಸೆ ಉಳಿದರೆ ಅನ್‌ಹೈಡ್ರೈಡ್ ನೀರಿನೊಂದಿಗೇ ಮುಗಿದುಹೋಗಿ ಪೀಕ್ ಕಾಣದಾಗುತ್ತದೆ.