ನುಡಿಯ ಹಳೇ ಫೈಲುಗಳು ವೆಬ್‌ಸೈಟಿನಲ್ಲಿ ಕನ್ನಡವಾಗಿ ಕಂಡದ್ದು ಹೀಗೆ

ಹೊಸ ಶಿಕ್ಷಣ ನೀತಿ (2020) ಪ್ರಕಾರ ಶಿಕ್ಷಕರು ವರ್ಷಕ್ಕೆ 50 ಗಂಟೆ ವೃತ್ತಿ ತರಬೇತಿ ಪಡೆಯಬೇಕು. ದೀಕ್ಷಾ (ಶಿಕ್ಷಕರ ಆನ್‌ಲೈನ್ ತರಬೇತಿಯ ಸರ್ಕಾರಿ ತಾಣ) ಕೊಟ್ಟ ಸರ್ಟಿಫಿಕೇಟು, ಪಾಠ ಯೋಜನೆ ಎಲ್ಲಾ ಒಂದೇ ಕಡೆ ಇರಲಿ ಅಂತ ಗೂಗಲ್ ಸೈಟ್ಸ್‌ನಲ್ಲಿ ನನ್ನ ಪೋರ್ಟ್‌ಫೋಲಿಯೋ ಮಾಡಿದೆ. ಆದರೆ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಹಿಂದೆ ಟೈಪ್ ಮಾಡಿ, ವರ್ಡ್‌ನಿಂದ ಪೇಸ್ಟ್ ಮಾಡಿದ ಪಾಠ ಯೋಜನೆಯೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡಿತು.

ಕಾರಣ ಇಷ್ಟೇ. ನುಡಿಯ ಹಳೇ ಆಸ್ಕಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಕೋಡಿನ ಮೇಲೆ ಕನ್ನಡದ ಆಕಾರ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ಕನ್ನಡ ಮಾಯ. ಸೈಟಿನಲ್ಲಿ ಫಾಂಟ್ ಬದಲಿಸಿ ಪ್ರಯೋಜನವಿಲ್ಲ. ಪಠ್ಯವನ್ನೇ ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಕೋಡ್ ಇರುವ ವ್ಯವಸ್ಥೆಗೆ, ಬದಲಿಸಬೇಕು. ಆಸ್ಕಿ–ಯೂನಿಕೋಡ್ ಪರಿವರ್ತಕದಲ್ಲಿ ಹಾಕಿ, ಬಂದದ್ದನ್ನು ಪೇಸ್ಟ್ ಮಾಡಿದೆ. ಸರಿಹೋಯಿತು.

ಹಾಗಂತ ಕಣ್ಮುಚ್ಚಿ ನಂಬಬೇಡಿ. ಅರ್ಕಾವತ್ತು, ಒತ್ತಕ್ಷರ ಆಗಾಗ ತಪ್ಪುತ್ತವೆ. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರ ಮೊದಲು. ನಡುವೆ ಇಂಗ್ಲಿಷ್ ಪದಗಳಿದ್ದರೆ ತೆಗೆದಿಟ್ಟು ಆಮೇಲೆ ಸೇರಿಸಿ, ಇಲ್ಲದಿದ್ದರೆ ಅವೂ ಕೆಡುತ್ತವೆ.

ಇನ್ನು, ಗೂಗಲ್ ಡ್ರೈವ್‌ನಿಂದ ಸೈಟಿಗೆ ಸೇರಿಸಿದ ಸರ್ಟಿಫಿಕೇಟುಗಳಿಗೆ ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಅನುಮತಿ ಕೊಡಿ. ಮಕ್ಕಳ ಮುಖ ಕಾಣುವ ಫೋಟೋ ಮಾತ್ರ ದಯವಿಟ್ಟು ಬೇಡ, ಅವರ ಕೆಲಸದ ಫೋಟೋ ಸಾಕು ಅಲ್ವಾ?