ಸುರಂಗದ ನೀರಿಗೆ ಅಡ್ಡ ಕೂತ ಗಾಳಿ

ಕಾಸರಗೋಡಿನ ಪೆರ್ಲದ ಸಮೀಪದ ನಮ್ಮ ಮನೆಗೆ ನೀರು ಬರುವುದು ಗುಡ್ಡೆಯ ಮುರಕಲ್ಲಿನೊಳಗೆ ಅಡ್ಡಲಾಗಿ ಕೊರೆದ ಸುರಂಗದಿಂದ. ಅಜ್ಜನ ಕಾಲದಲ್ಲಿ ಅಡಿಕೆ ಮರವನ್ನು ಸೀಳಿ ಮಾಡಿದ ದಂಬೆಯಲ್ಲಿ ಇಳಿಯುತ್ತಿದ್ದ ನೀರು ಈಗ ಟಾಂಕಿಗೆ ಬಿದ್ದು, ಒಂದು ಇಂಚಿನ ಕರಿ ಪೈಪಿನಲ್ಲಿ ಮನೆಗೆ ಬರುತ್ತದೆ. ಕರೆಂಟು ಬೇಡ, ಮೋಟಾರು ಬೇಡ. ಕಳೆದ ಬೇಸಿಗೆಯಲ್ಲಿ ಅಡುಗೆಮನೆಯ ನಳ್ಳಿ ನೂಲಿನಷ್ಟೇ ನೀರು ಬಿಡತೊಡಗಿದಾಗ ಎಲ್ಲರೂ ಪ್ರೆಶರ್ ಪಂಪ್ ಹಾಕಿಸಲು ಹೇಳಿದರು. ನನ್ನ ಮನಸ್ಸು ಒಪ್ಪಲಿಲ್ಲ. ತಾನಾಗಿ ಇಳಿದು ಬರುವ ನೀರನ್ನು ಕರೆಂಟಿನ ಮರ್ಜಿಗೆ ಬಿಡುವ ಮೊದಲು, ಅದು ಎಲ್ಲಿ ತಡೆದು ನಿಂತಿದೆ ಎಂದು ನೋಡಲೇಬೇಕಿತ್ತು.

10 ಲೀಟರಿನ ಬಕೆಟ್ ತುಂಬಲು 4 ನಿಮಿಷ ಬೇಕಾಯಿತು. ನೀರು ತುಂಬಿದ ಪಾರದರ್ಶಕ ನಳಿಕೆ ಹಿಡಿದು ಮಟ್ಟ ನೋಡುತ್ತ ಅಳೆದಾಗ, ಟಾಂಕಿಯ ನೀರು ನಳ್ಳಿಗಿಂತ 9 ಮೀಟರ್ ಮೇಲಿತ್ತು. 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ. ಅಂದರೆ ಒತ್ತಡಕ್ಕೆ ಬಡತನವಿಲ್ಲ, ದಾರಿಯಲ್ಲಿ ಅಡ್ಡಿಯಿದೆ.

ನಳ್ಳಿಯ ಬಾಯಿಯ ಜಾಲರಿಯಲ್ಲಿದ್ದ ಕೆಂಪು ಕೆಸರನ್ನು ತೊಳೆದೆ. ಬಕೆಟ್ ತುಂಬುವ ಹೊತ್ತಿನಲ್ಲಿ ಅರ್ಧ ನಿಮಿಷ ಉಳಿಯಿತು, ಅಷ್ಟೇ. ಬಚ್ಚಲಿನ ನಳ್ಳಿಯೂ ಸೊರಗಿದ್ದರಿಂದ ಪೈಪಿನ ಜಾಡು ಹಿಡಿದು ಗುಡ್ಡೆ ಹತ್ತಿದೆ. ಟಾಂಕಿಯಿಂದ ಕೆಲವೇ ಹೆಜ್ಜೆ ಈಚೆಗೆ ಪೈಪು ಕಲ್ಲಿನ ಪಾಗಾರವನ್ನು ಏರಿ ಇಳಿಯುತ್ತದೆ. ಬೇಸಿಗೆಯಲ್ಲಿ ಟಾಂಕಿ ಬರಿದಾದಾಗಲೆಲ್ಲ ಪೈಪಿಗೆ ಗಾಳಿ ನುಗ್ಗಿ ಆ ಡುಬ್ಬದಲ್ಲಿ ಕೂತುಬಿಡುತ್ತಿತ್ತು. ಟಾಂಕಿಯ ನೀರು ಡುಬ್ಬಕ್ಕಿಂತ ಎರಡೇ ಅಡಿ ಮೇಲೆ. ಗಾಳಿಯನ್ನು ಇಳಿಜಾರಿನಲ್ಲಿ ಕೆಳಕ್ಕೆ ನೂಕಲು ಆ ಎರಡು ಅಡಿಯ ಬಲ ಸಾಲದು.

ಡುಬ್ಬದ ನೆತ್ತಿಯಲ್ಲಿ ಪೈಪು ಕತ್ತರಿಸಿ ಮೂರು ಬಾಯಿಯ ‘ಟೀ’ ಜೋಡಣೆ ಕೂಡಿಸಿ, ಅರ್ಧ ಇಂಚಿನ ಪೈಪನ್ನು ನೆಟ್ಟಗೆ ನಿಲ್ಲಿಸಿದೆ. ಅದರ ತುದಿ ಟಾಂಕಿಯ ತುಂಬಿದ ಮಟ್ಟಕ್ಕಿಂತ ಎತ್ತರದಲ್ಲಿರಬೇಕು, ಇಲ್ಲವಾದರೆ ನೀರು ಅಲ್ಲಿಯೇ ಉಕ್ಕಿ ಹೋಗುತ್ತದೆ. ಬಾಯಿಯನ್ನು ಕೆಳಕ್ಕೆ ಬಾಗಿಸಿ, ಹುಳ ಹೋಗದಂತೆ ಬಲೆ ಕಟ್ಟಿದೆ. ಬುಸ್ಸೆಂದು ಗಾಳಿ ಹೊರಟಿತು. ಆದರೆ ಎರಡು ನಳ್ಳಿ ಒಟ್ಟಿಗೆ ತೆರೆದರೆ ನೀರು ಮತ್ತೆ ಉಗುಳಿ ಉಗುಳಿ ಬರುತ್ತಿತ್ತು. ಟಾಂಕಿಯ ಬಾಯಿಯ ಹಳೆಯ ಗೇಟ್ ವಾಲ್ವ್ ಬಿಚ್ಚಿದಾಗ ಕಾರಣ ತಿಳಿಯಿತು: ಒಳಗಿನ ಬಿಲ್ಲೆ ಅರ್ಧದಲ್ಲೇ ಕಚ್ಚಿಕೊಂಡಿತ್ತು. ಮೇಲಿನಿಂದ ಸಾಕಷ್ಟು ನೀರು ಸಿಗದೆ ಪೈಪು ಹೊಸ ಕೊಳವೆಯಿಂದ ಗಾಳಿಯನ್ನೇ ಎಳೆಯುತ್ತಿತ್ತು. ಆ ಹಳೆಯ ವಾಲ್ವ್ ತೆಗೆದು ಬಾಲ್ ವಾಲ್ವ್ ಹಾಕಿದೆ.

ಈಗ ಅದೇ ಬಕೆಟ್ 50 ಸೆಕೆಂಡಿನಲ್ಲಿ ತುಂಬುತ್ತದೆ. ಇನ್ನು ಟಾಂಕಿಯ ಹೊರಬಾಯಿಯನ್ನು ತಳದಿಂದ ನಾಲ್ಕು ಬೆರಳು ಮೇಲೆತ್ತಿ, ಕೆಸರು ಒಳಗೇ ತಂಗುವಂತೆ ಮಾಡಬೇಕು. ಮಳೆ ಹಿಡಿಯುವ ಮೊದಲು ಆ ಕೆಲಸ ಮುಗಿಸುತ್ತೇನೆ.